ಊಟದ ಪೊಟ್ಟಣ ಸುರಕ್ಷಿತವೇ? ಪಿಐಎಲ್ ಹಾಕುವ ಮುನ್ನ ಪದೇ ಪದೇ ಕೇಳುವ ಪ್ರಶ್ನೆಗಳು

ಕುದಿಯುವ ಸಾಂಬಾರನ್ನು ತೆಳ್ಳನೆ ಕವರಿಗೆ ಸುರಿದು, ಬಾಯಿಗೆ ದಾರ ಸುತ್ತಿ ಕೈಗೆ ಕೊಡುತ್ತಾರೆ. ಮನೆಗೆ ಬರುವಷ್ಟರಲ್ಲಿ ಕವರ್ ಮೆತ್ತಗಾಗಿ, ಮುಟ್ಟಿದರೆ ಜಾರುತ್ತಿರುತ್ತದೆ. ಇದಕ್ಕೆ ಕಾನೂನು ಇಲ್ವಾ, ಕೋರ್ಟಿಗೆ ಹೋಗೋಕೆ ಆಗಲ್ವಾ ಎಂದು ಕೇಳುವವರು ಜಾಸ್ತಿ. ಅಂಥವರಿಗಾಗಿ ಈ ಬರಹ. ಪಿಐಎಲ್ ಎಂದರೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ, ಅಂದರೆ ಎಲ್ಲರ ಹಿತಕ್ಕಾಗಿ ಕೋರ್ಟಿಗೆ ಹಾಕುವ ಅರ್ಜಿ. ನಿಮ್ಮದೇ ಕೇಸು ಹಾಕುವುದಾದರೆ ವಕೀಲರನ್ನು ಬೇರೆಯಾಗಿ ಕೇಳಲೇಬೇಕು.

ಪೊಟ್ಟಣದ ಸಾಮಗ್ರಿಗೆ ನಮ್ಮಲ್ಲಿ ಕಾನೂನೇ ಇಲ್ವಾ?

ಇದೆ. ಜನ ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಇದೆ. ಮೂಲ ಕಾನೂನು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ. ಅದರ ಕೆಳಗೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2018ರ ಡಿಸೆಂಬರ್‌ನಲ್ಲಿ ಪ್ಯಾಕೇಜಿಂಗ್‌ಗೆಂದೇ ಪ್ರತ್ಯೇಕ ನಿಯಮಾವಳಿ ತಂದಿತು. 2019ರ ಜುಲೈ 1ರಿಂದ ಎಲ್ಲರೂ ಅದನ್ನು ಪಾಲಿಸಬೇಕು. ಕಾಗದ, ಲೋಹ, ಪ್ಲಾಸ್ಟಿಕ್ ಮೂರಕ್ಕೂ ಬೇರೆ ಬೇರೆ ಪಟ್ಟಿ ಇದೆ. ಯಾವುದು ಯಾವ ಐಎಸ್ (ಭಾರತೀಯ ಮಾನಕ) ಗುಣಮಟ್ಟಕ್ಕೆ ಸರಿಹೊಂದಬೇಕು ಎಂದು ಅಲ್ಲಿ ಬರೆದಿದೆ.

ಕಾಯ್ದೆಯಲ್ಲಿ ‘ಅಸುರಕ್ಷಿತ ಆಹಾರ’ ಎಂದರೆ ಏನು ಎಂದು ಹೇಳುವ ಕಡೆ ಇನ್ನೊಂದು ಮಾತಿದೆ. ಆಹಾರ ಚೆನ್ನಾಗಿದ್ದರೂ ಅದರ ಪೊಟ್ಟಣದಲ್ಲಿ ವಿಷಕಾರಿ ಅಥವಾ ಹಾನಿಕರ ವಸ್ತು ಇದ್ದು, ಅದರಿಂದ ಆಹಾರ ಆರೋಗ್ಯಕ್ಕೆ ಕೆಡುಕಾದರೆ ಅದೂ ಅಸುರಕ್ಷಿತ ಆಹಾರವೇ. ಅಂದರೆ ‘ನಮ್ಮ ತಿಂಡಿ ಶುದ್ಧ, ಕವರ್ ಯಾರೋ ಮಾಡಿದ್ದು’ ಎಂದು ಹೋಟೆಲಿನವರು ಕೈ ತೊಳೆದುಕೊಳ್ಳುವ ಹಾಗಿಲ್ಲ.

ಹಳೇ ಪೇಪರಿನಲ್ಲಿ ಬೋಂಡಾ ಕಟ್ಟಿ ಕೊಡುವುದು ತಪ್ಪಾ?

ತಪ್ಪು. 2018ರ ನಿಯಮಾವಳಿಯಲ್ಲೇ ಪತ್ರಿಕೆ ಕಾಗದದಲ್ಲಿ ಆಹಾರ ಸುತ್ತಬಾರದು, ಅದರ ಮೇಲೆ ಇಟ್ಟು ಕೊಡಬಾರದು ಎಂದಿದೆ. ಪೊಟ್ಟಣದ ಮೇಲಿನ ಮುದ್ರಣದ ಶಾಯಿಗೂ ಐಎಸ್ 15495 ಎಂಬ ಗುಣಮಟ್ಟ ಇದೆ. ಹಾಗಾಗಿ ‘ಪೇಪರ್ ನಿಷೇಧಿಸಿ’ ಎಂದು ಪಿಐಎಲ್ ಹಾಕಿದರೆ ಮೊದಲ ದಿನವೇ ಸರ್ಕಾರಿ ವಕೀಲರು ‘ಆಗಲೇ ನಿಷೇಧಿಸಿದ್ದೇವೆ ಸ್ವಾಮಿ’ ಎಂದು ಅರ್ಜಿ ಮುಗಿಸಿಬಿಡುತ್ತಾರೆ. ಪಾಲನೆ ಆಗುತ್ತಿಲ್ಲ ಎಂದು ಕೇಳುವುದು ಬೇರೆ, ನಿಯಮ ಬೇಕು ಎಂದು ಕೇಳುವುದು ಬೇರೆ.

ಪ್ಲಾಸ್ಟಿಕ್‌ನಿಂದ ಊಟಕ್ಕೆ ಏನೋ ಇಳಿಯುತ್ತೆ ಅಂತಾರಲ್ಲ, ಅದನ್ನು ಹೇಗೆ ಅಳೆಯುತ್ತಾರೆ?

ಈ ಒಂದು ವಿಷಯ ಅರ್ಥ ಆದರೆ ಅರ್ಧ ಕೇಸು ಅರ್ಥ ಆದ ಹಾಗೆ. ಪರೀಕ್ಷೆಯ ಹೆಸರು ಮೈಗ್ರೇಶನ್ ಟೆಸ್ಟ್. ಪ್ಲಾಸ್ಟಿಕ್‌ಗೆ ಅದನ್ನು ಐಎಸ್ 9845ರ ಪ್ರಕಾರ ಮಾಡುತ್ತಾರೆ.

ಲ್ಯಾಬ್‌ನವರು ನಿಜವಾದ ಸಾಂಬಾರ್ ಹಾಕುವುದಿಲ್ಲ. ಅದರ ಬದಲಿಗೆ ನಾಲ್ಕೈದು ಬಗೆಯ ದ್ರವ ಇಟ್ಟುಕೊಂಡಿರುತ್ತಾರೆ. ನೀರಿನಂಥ ಆಹಾರಕ್ಕೆ ಬಟ್ಟಿ ಇಳಿಸಿದ ನೀರು. ಹುಳಿ ಪದಾರ್ಥಕ್ಕೆ ಶೇ 3ರ ಅಸಿಟಿಕ್ ಆಮ್ಲ. ಮದ್ಯಕ್ಕೆ ಎಥನಾಲ್ ಬೆರೆಸಿದ ನೀರು. ಎಣ್ಣೆ ಜಿಡ್ಡಿನ ತಿನಿಸಿಗೆ ಹೆಪ್ಟೇನ್ ಎಂಬ ದ್ರಾವಕ. ಡಬ್ಬಿಗೆ ದ್ರವ ತುಂಬಿಸುತ್ತಾರೆ, ಇಲ್ಲವೇ ಹಾಳೆಯ ತುಂಡನ್ನು ಅದರಲ್ಲಿ ಮುಳುಗಿಸುತ್ತಾರೆ. ಪದಾರ್ಥ ಹೇಗೆ ಬಳಕೆಯಾಗುತ್ತದೆ ನೋಡಿ 40 ಡಿಗ್ರಿಯಲ್ಲಿ 10 ದಿನ, ಅಥವಾ 70 ಡಿಗ್ರಿಯಲ್ಲಿ 2 ಗಂಟೆ ಇಡುತ್ತಾರೆ. ಆಮೇಲೆ ಪ್ಲಾಸ್ಟಿಕ್ ತೆಗೆದು ದ್ರವವನ್ನು ಆವಿ ಮಾಡುತ್ತಾರೆ. ತಳದಲ್ಲಿ ಉಳಿದದ್ದನ್ನು ತೂಗುತ್ತಾರೆ. ಆ ತೂಕವೇ ಪ್ಲಾಸ್ಟಿಕ್‌ನಿಂದ ಇಳಿದು ಬಂದದ್ದು.

ಒಟ್ಟು ಮಿತಿ ಒಂದು ಕಿಲೋ ಆಹಾರಕ್ಕೆ 60 ಮಿಲಿಗ್ರಾಂ, ಅಥವಾ ಒಂದು ಚದರ ಡೆಸಿಮೀಟರ್ ಮೇಲ್ಮೈಗೆ 10 ಮಿಲಿಗ್ರಾಂ. ಬಣ್ಣವಂತೂ ಕಣ್ಣಿಗೆ ಕಾಣುವಷ್ಟು ಇಳಿಯಲೇಬಾರದು.

ಆದರೆ ತೂಕ ನೋಡಿ ವಿಷ ಗೊತ್ತಾಗುವುದಿಲ್ಲ, ಅಲ್ವಾ? ಐವತ್ತು ಮಿಲಿಗ್ರಾಂ ಇಳಿದದ್ದು ಏನೂ ಮಾಡದ ವಸ್ತುವಾಗಿರಬಹುದು. ಇನ್ನೊಂದು ವಸ್ತು ಚೂರೇ ಚೂರು ಇಳಿದರೂ ಸಾಕು. ಅದಕ್ಕೇ ಕೆಲವು ವಸ್ತುಗಳಿಗೆ ಬಿಡಿಬಿಡಿಯಾಗಿ ಮಿತಿ ಇಟ್ಟಿದ್ದಾರೆ. ಪೆಟ್ ಬಾಟಲಿ ತಯಾರಿಸುವಾಗ ಬಳಸುವ ಆಂಟಿಮನಿಗೆ ಕಿಲೋಗೆ 0.04 ಮಿಲಿಗ್ರಾಂ. ಪಿವಿಸಿಯನ್ನು ಮೆತ್ತಗೆ ಮಾಡುವ ಡಿಇಎಚ್‌ಪಿ ಎಂಬ ಥ್ಯಾಲೇಟ್‌ಗೆ 1.5 ಮಿಲಿಗ್ರಾಂ. ಸತುವು, ತಾಮ್ರ, ಕೋಬಾಲ್ಟ್, ಬೇರಿಯಂ ಇವಕ್ಕೂ ಮಿತಿ ಇದೆ. ಇವನ್ನು ತಕ್ಕಡಿಯಲ್ಲಿ ತೂಗಿ ಕಂಡುಹಿಡಿಯೋಕೆ ಆಗಲ್ಲ. ಬೇರೆ ಉಪಕರಣ ಬೇಕು, ಖರ್ಚೂ ಜಾಸ್ತಿ.

ಪಿಐಎಲ್ ಹಾಕುವವರು ಎಡವುವುದು ಇಲ್ಲೇ. ‘ಪ್ಲಾಸ್ಟಿಕ್‌ನಿಂದ ವಿಷ ಬರುತ್ತೆ’ ಎಂದಷ್ಟೇ ಬರೆಯುತ್ತಾರೆ. ಎದುರಿನವರು ಒಟ್ಟು ಮಿತಿಯಲ್ಲಿ ಪಾಸಾದ ವರದಿ ತಂದು ಇಡುತ್ತಾರೆ. ಯಾವ ವಸ್ತು, ಯಾವ ಪೊಟ್ಟಣ, ಎಷ್ಟು ಬಿಸಿ, ಎಷ್ಟು ಹೊತ್ತು ಎಂದು ಹೆಸರು ಹಿಡಿದು ಬರೆದ ಅರ್ಜಿಗೆ ಮಾತ್ರ ಸರಿಯಾದ ಉತ್ತರ ಕೊಡಬೇಕಾಗುತ್ತದೆ.

ನಾನು ಕಂಡದ್ದು ಒಂದೇ ಅಂಗಡಿಯ ತಪ್ಪು. ಪಿಐಎಲ್ ಹಾಕಬಹುದಾ?

ಬೇಡ. ಅದು ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡುವ ವಿಷಯ. ಅವರ ಮೇಲಿನ ಜಿಲ್ಲೆಯ ಅಂಕಿತ ಅಧಿಕಾರಿಗೂ ಪ್ರತಿ ಕಳಿಸಿ. ನಿಮಗೇ ಹಾನಿಯಾಗಿದ್ದರೆ ಗ್ರಾಹಕರ ಆಯೋಗ ಇದೆ. ನಿಯಮದಲ್ಲೇ ಕಂಡಿ ಇದ್ದರೆ, ಇಲ್ಲವೇ ಇರುವ ನಿಯಮವನ್ನು ಇಡೀ ರಾಜ್ಯದಲ್ಲಿ ಯಾರೂ ಜಾರಿ ಮಾಡುತ್ತಿಲ್ಲ ಎಂದು ಕಾಗದ ಸಮೇತ ತೋರಿಸಬಲ್ಲಿರಾದರೆ ಆಗ ಪಿಐಎಲ್.

ಯಾರು ಬೇಕಾದರೂ ಹಾಕಬಹುದಾ?

ಹೌದು. 1981ರ ಎಸ್.ಪಿ. ಗುಪ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಬಾಗಿಲು ತೆರೆಯಿತು. ತೊಂದರೆಗೆ ಒಳಗಾದವರೇ ಬರಬೇಕು ಎಂಬ ಹಳೇ ಕಟ್ಟು ಆಗ ಸಡಿಲವಾಯಿತು. ಆದರೆ ಬಾಗಿಲಲ್ಲಿ ಕಾವಲೂ ಇದೆ. 2010ರ ಬಲವಂತ್ ಸಿಂಗ್ ಚೌಫಾಲ್ ತೀರ್ಪಿನಲ್ಲಿ, ಪಿಐಎಲ್‌ಗೆ ಪ್ರತಿ ಹೈಕೋರ್ಟ್ ನಿಯಮ ಮಾಡಿಕೊಳ್ಳಬೇಕು, ಸ್ವಾರ್ಥದ ಅರ್ಜಿಗೆ ದಂಡ ಹಾಕಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಕರ್ನಾಟಕ ಹೈಕೋರ್ಟಿಗೆ 2018ರ ಪಿಐಎಲ್ ನಿಯಮಗಳಿವೆ. ನೀವು ಯಾರು, ಏನು ಕೆಲಸ, ಈ ವಿಷಯದಲ್ಲಿ ಸ್ವಂತ ಲಾಭ ಇದೆಯಾ ಎಂಬುದನ್ನು ಪ್ರಮಾಣ ಮಾಡಿ ಹೇಳಬೇಕು.

ಪೊಟ್ಟಣದ ವಿಷಯದಲ್ಲಿ ಈ ‘ಸ್ವಂತ ಲಾಭ’ ಸುಮ್ನೆ ಕೇಳುವ ಪ್ರಶ್ನೆಯಲ್ಲ. ಒಂದು ಸಾಮಗ್ರಿ ನಿಂತರೆ ಇನ್ನೊಂದು ಸಾಮಗ್ರಿಯ ವ್ಯಾಪಾರ ಏಳುತ್ತದೆ. ಪ್ಲಾಸ್ಟಿಕ್ ವಿರುದ್ಧ ಅರ್ಜಿ ಬಂದರೆ, ಹಿಂದೆ ಗಾಜಿನವರೋ ಅಲ್ಯುಮಿನಿಯಂ ಡಬ್ಬಿಯವರೋ ಇದ್ದಾರಾ ಎಂದು ಎದುರು ವಕೀಲರು ಕೇಳಿಯೇ ಕೇಳುತ್ತಾರೆ. ನಿಮ್ಮ ಸಂಘಕ್ಕೆ ಅಂಥ ಕಡೆಯಿಂದ ದೇಣಿಗೆ ಬಂದಿದ್ದರೆ ಮೊದಲೇ ಬರೆದುಬಿಡಿ. ಮುಚ್ಚಿಟ್ಟದ್ದು ಹೊರಬಂದರೆ ಒಳ್ಳೆಯ ಅರ್ಜಿಯೂ ಬಿದ್ದುಹೋಗುತ್ತದೆ.

ಹೈಕೋರ್ಟೋ, ಸುಪ್ರೀಂ ಕೋರ್ಟೋ, ಹಸಿರು ನ್ಯಾಯಮಂಡಳಿಯೋ?

ಜಾರಿ ಆಗಿಲ್ಲ ಎಂಬುದು ತಕರಾರಾದರೆ ಸಂವಿಧಾನದ 226ನೇ ವಿಧಿ ಹಿಡಿದು ಹೈಕೋರ್ಟ್. ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ನಿಮ್ಮ ಜಿಲ್ಲೆ ಯಾವುದಕ್ಕೆ ಸೇರಿದೆ ನೋಡಿಕೊಳ್ಳಿ. ಇಡೀ ದೇಶದ ನಿಯಮವೇ ಬದಲಾಗಬೇಕು ಎಂದರೆ 32ನೇ ವಿಧಿಯಲ್ಲಿ ಸುಪ್ರೀಂ ಕೋರ್ಟಿಗೂ ಹೋಗಬಹುದು. ಅಲ್ಲಿ ‘ಮೊದಲು ಹೈಕೋರ್ಟಿಗೆ ಹೋದಿರಾ’ ಎಂದು ಕೇಳುವುದು ಮಾಮೂಲು.

ಪರಿಸರದ ವ್ಯಾಜ್ಯ ಕೇಳುವ ಹಸಿರು ನ್ಯಾಯಮಂಡಳಿಯ ಬಗ್ಗೆ ಗೊಂದಲ ಜಾಸ್ತಿ. ಯಾವ ಕಾಯ್ದೆಗಳ ವಿಷಯ ಅದರ ಮುಂದೆ ತರಬಹುದು ಎಂಬುದಕ್ಕೆ ಒಂದು ಪಟ್ಟಿ ಇದೆ. ಪರಿಸರ ಸಂರಕ್ಷಣಾ ಕಾಯ್ದೆ ಅದರಲ್ಲಿದೆ. ಆಹಾರ ಸುರಕ್ಷತೆ ಕಾಯ್ದೆ ಇಲ್ಲ. ಖಾಲಿ ಪೊಟ್ಟಣ ಚರಂಡಿ ಸೇರುವುದು ಅಲ್ಲಿಯ ವಿಷಯ. ಪೊಟ್ಟಣದಿಂದ ಊಟಕ್ಕೆ ಇಳಿಯುವುದು ಹೈಕೋರ್ಟಿನ ವಿಷಯ.

ಅರ್ಜಿಗೆ ಮುಂಚೆ ಏನೇನು ಜೋಡಿಸಿಕೊಳ್ಳಬೇಕು?

ಮೊದಲು ಮನವಿ. ಎಫ್‌ಎಸ್‌ಎಸ್‌ಎಐಗೂ ರಾಜ್ಯದ ಆಹಾರ ಸುರಕ್ಷತಾ ಆಯುಕ್ತರಿಗೂ ಬರೆಯಿರಿ. ಕಳಿಸಿದ್ದಕ್ಕೆ ಸ್ವೀಕೃತಿ ಇಟ್ಟುಕೊಳ್ಳಿ. ಉತ್ತರ ಕೊಡಲು ಸಮಯ ಬಿಡಿ. ಮನವಿ ಕೊಡದೆ ನೇರ ಕೋರ್ಟಿಗೆ ಹೋದವರನ್ನು ‘ಹೋಗಿ ಮನವಿ ಕೊಟ್ಟು ಬನ್ನಿ’ ಎಂದು ವಾಪಸ್ ಕಳಿಸುವುದು ದಿನವೂ ನಡೆಯುತ್ತದೆ.

ಎರಡನೆಯದು ಆರ್‌ಟಿಐ. ಕೇಂದ್ರದ ಕಚೇರಿಗೆ 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ‘ಪ್ಲಾಸ್ಟಿಕ್ ಬಗ್ಗೆ ಏನು ಕ್ರಮ ಕೈಗೊಂಡಿದ್ದೀರಿ’ ಎಂದು ಕೇಳಿದರೆ ಸುತ್ತೋಲೆಯ ಪ್ರತಿ ಬರುತ್ತದೆ. ಹಾಗೆ ಕೇಳಬೇಡಿ. ಕಳೆದ ಮೂರು ವರ್ಷದಲ್ಲಿ ಜಿಲ್ಲಾವಾರು ಎಷ್ಟು ಪೊಟ್ಟಣದ ಮಾದರಿಗಳಿಗೆ ಮೈಗ್ರೇಶನ್ ಟೆಸ್ಟ್ ಆಗಿದೆ, ಎಷ್ಟು ಫೇಲಾಗಿದೆ, ಎಷ್ಟರ ಮೇಲೆ ಕೇಸಾಗಿದೆ ಎಂದು ಕೇಳಿ. ಉತ್ತರ ಸೊನ್ನೆ ಎಂದು ಬಂದರೆ ನಿಮ್ಮ ಅರ್ಜಿಗೆ ಅದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ.

ಮೂರನೆಯದು ಲ್ಯಾಬ್ ವರದಿ. ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಕೊಂಡವರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕಾನೂನು ಮೀರಿದ್ದು ಎಂದು ವರದಿ ಬಂದರೆ ಕಟ್ಟಿದ ಹಣ ವಾಪಸ್. ಎಲ್ಲಿ ಮಾಡಿಸುತ್ತೀರಿ ಎಂಬುದು ಮಾತ್ರ ಬಹಳ ಮುಖ್ಯ. 2015ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಮ್ಯಾಗಿ ನಿಷೇಧವನ್ನು ರದ್ದು ಮಾಡಿತು. ಕಂಪನಿಯ ಮಾತು ಕೇಳದೆ ನಿಷೇಧಿಸಿದ್ದು ಒಂದು ಕಾರಣ. ಪರೀಕ್ಷೆ ಮಾಡಿದ ಲ್ಯಾಬ್‌ಗಳಿಗೆ ಕಾಯ್ದೆ ಹೇಳುವ ಮಾನ್ಯತೆ ಇರಲಿಲ್ಲ ಎಂಬುದು ಇನ್ನೊಂದು. ಸರ್ಕಾರದ ವರದಿಗೇ ಆ ಗತಿಯಾದರೆ ನಮ್ಮ ನಿಮ್ಮ ವರದಿಯ ಪಾಡೇನು! ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆ ಇರಬೇಕು, ಎಫ್‌ಎಸ್‌ಎಸ್‌ಎಐ ಪಟ್ಟಿಯಲ್ಲಿರಬೇಕು, ಜೊತೆಗೆ ಆ ನಿರ್ದಿಷ್ಟ ಪರೀಕ್ಷೆಗೇ ಮಾನ್ಯತೆ ಇರಬೇಕು. ಕೊನೆಯದನ್ನು ಯಾರೂ ನೋಡುವುದಿಲ್ಲ.

ಕೋರ್ಟೇ ಮಿತಿಯನ್ನು ಬಿಗಿ ಮಾಡಿ ಆದೇಶ ಕೊಡುತ್ತದಾ?

ಹಾಗೆ ನಿರೀಕ್ಷಿಸಬೇಡಿ. 0.04 ಇದ್ದದ್ದನ್ನು 0.02 ಮಾಡಿ ಎಂದು ನ್ಯಾಯಮೂರ್ತಿಗಳು ಬರೆಯುವುದಿಲ್ಲ. ಅದು ತಜ್ಞರ ಕೆಲಸ ಎನ್ನುತ್ತಾರೆ. ತಜ್ಞರು ಯಾಕೆ ಆ ಕೆಲಸ ಮಾಡಿಲ್ಲ ಎಂದು ಕೇಳುವುದಕ್ಕೆ ಮಾತ್ರ ಕೋರ್ಟಿಗೆ ಹಿಂಜರಿಕೆ ಇಲ್ಲ. ಪಿಐಎಲ್‌ನಿಂದ ಸಿಗುವ ಫಲ ಇದೇ: ಉತ್ತರ ಕೊಡದ ಕಚೇರಿ ಗಡುವಿನೊಳಗೆ, ಕಾರಣ ಬರೆದು, ಉತ್ತರ ಕೊಡಬೇಕಾಗುತ್ತದೆ. ನಾಲ್ಕು ಪ್ರಕರಣ ನೋಡಿ.

ತಂಪು ಪಾನೀಯಗಳಲ್ಲಿ ಏನೇನು ಬೆರೆಸುತ್ತಾರೆ ಎಂದು ಪ್ರಶ್ನಿಸಿ 2004ರಲ್ಲಿ ಸೆಂಟರ್ ಫಾರ್ ಪಬ್ಲಿಕ್ ಇಂಟರೆಸ್ಟ್ ಲಿಟಿಗೇಶನ್ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. ತೀರ್ಪು ಬಂದದ್ದು 2013ರ ಅಕ್ಟೋಬರ್‌ನಲ್ಲಿ. ಸುರಕ್ಷಿತ ಆಹಾರ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಕೋರ್ಟ್ ಹೇಳಿತು. ಇದಕ್ಕೆ ಜನಾರೋಗ್ಯದ ಬಗ್ಗೆ ಹೇಳುವ 47ನೇ ವಿಧಿಯನ್ನೂ ಸೇರಿಸಿ ಓದಿತು. ಆದರೆ ಅರ್ಜಿದಾರರು ಕೇಳಿದ ಹೊಸ ತಜ್ಞರ ಸಮಿತಿ ಸಿಗಲಿಲ್ಲ. ಕಾಯ್ದೆಯಲ್ಲೇ ವೈಜ್ಞಾನಿಕ ಸಮಿತಿಗಳಿವೆ, ಎಫ್‌ಎಸ್‌ಎಸ್‌ಎಐ ಆಗಾಗ ತಪಾಸಣೆ ಮಾಡಲಿ ಎಂದು ಮುಗಿಸಿತು. ಪೊಟ್ಟಣದ ಪಿಐಎಲ್ ಹಾಕುವ ಎಲ್ಲರೂ ಇವತ್ತಿಗೂ ಮೊದಲ ಪುಟದಲ್ಲಿ ಹಾಕಿಕೊಳ್ಳುವುದು ಇದೇ ತೀರ್ಪನ್ನು.

ಎರಡನೆಯದರಲ್ಲಿ ಅರ್ಜಿದಾರರು ಗೆದ್ದರು. ಗುಟ್ಕಾದ ಪ್ಲಾಸ್ಟಿಕ್ ಪೊಟ್ಟಣದ ವಿರುದ್ಧ ಇಂಡಿಯನ್ ಅಸ್ತಮಾ ಕೇರ್ ಸೊಸೈಟಿ ರಾಜಸ್ಥಾನ ಹೈಕೋರ್ಟಿಗೆ ಹೋಗಿತ್ತು. ವಿಷಯ ಸುಪ್ರೀಂ ಕೋರ್ಟಿಗೆ ಬಂತು. 2011ರ ಮಾರ್ಚ್ 1ರಿಂದ ಗುಟ್ಕಾ, ತಂಬಾಕು, ಪಾನ್ ಮಸಾಲಾ ಪೊಟ್ಟಣಕ್ಕೆ ಪ್ಲಾಸ್ಟಿಕ್ ಬಳಸಬಾರದು ಎಂದು 2010ರ ಡಿಸೆಂಬರ್‌ನಲ್ಲಿ ಆದೇಶವಾಯಿತು. ಫೆಬ್ರವರಿಯಲ್ಲೇ ಕೇಂದ್ರದ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಹೊರಬಿದ್ದವು. ಗುಟ್ಕಾ ಊಟವಲ್ಲ, ನಿಜ. ಆದರೂ ಗೆದ್ದದ್ದು ಯಾಕೆ ಗಮನಿಸಿ. ಒಂದೇ ಸಾಮಗ್ರಿ, ಒಂದೇ ಬಗೆಯ ಸರಕು, ಕರಡಿನಲ್ಲೇ ಕೊಳೆಯುತ್ತಿದ್ದ ನಿಯಮ. ಕೋರ್ಟ್ ಅದನ್ನು ಮುಂದಕ್ಕೆ ತಳ್ಳಿದರೆ ಸಾಕಿತ್ತು.

ಮೂರನೆಯದು ಸಾಮಗ್ರಿಯದಲ್ಲ, ಪೊಟ್ಟಣದ ಮುಂಭಾಗದಲ್ಲಿ ಉಪ್ಪು, ಸಕ್ಕರೆ, ಕೊಬ್ಬಿನ ಎಚ್ಚರಿಕೆ ಹಾಕಿಸುವ ಅರ್ಜಿ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತಾನೇ ಲೇಬಲ್ ಬರೆಯಲಿಲ್ಲ. ಲೇಬಲ್ ನಿಯಮದ ಕರಡಿಗೆ 14,000ಕ್ಕೂ ಹೆಚ್ಚು ಅಭಿಪ್ರಾಯ ಬಂದಿವೆ ಎಂದು ಸರ್ಕಾರ ಹೇಳಿತು. ಹಾಗಾದರೆ ತಜ್ಞರ ಸಮಿತಿ ಮೂರು ತಿಂಗಳಲ್ಲಿ ಶಿಫಾರಸು ಕೊಡಲಿ ಎಂದಿತು ಕೋರ್ಟ್.

ನಾಲ್ಕನೆಯದು ನಮ್ಮ ವಿಷಯಕ್ಕೆ ತೀರಾ ಹತ್ತಿರ. ಬಾಟಲಿ ನೀರಿನ ಗುಣಮಟ್ಟ, ಪ್ಲಾಸ್ಟಿಕ್‌ನಿಂದ ಇಳಿಯುವ ಆಂಟಿಮನಿ ಮತ್ತು ಡಿಇಎಚ್‌ಪಿ ಕುರಿತ ಅರ್ಜಿ 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿಗೆ ಬಂತು. ಪೀಠ ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ಎಷ್ಟೋ ಜನರಿಗೆ ಕುಡಿಯುವ ನೀರೇ ಇಲ್ಲದ ದೇಶದಲ್ಲಿ ಇದು ಐಷಾರಾಮದ ವ್ಯಾಜ್ಯ ಎಂಬ ಧಾಟಿಯಲ್ಲಿ ಮಾತಾಡಿತು. ನನಗೆ ಈ ಮಾತು ಒಪ್ಪಿಗೆಯಿಲ್ಲ. ನಲ್ಲಿ ನೀರು ಬಾರದ ಬಡಾವಣೆಯವರೇ ಕ್ಯಾನ್ ನೀರು ಜಾಸ್ತಿ ಕುಡಿಯುವುದು. ಆದರೆ ಅರ್ಜಿ ಬರೆಯುವವರು ಇದರಿಂದ ಕಲಿಯಬೇಕು. ‘ವಿದೇಶದಲ್ಲಿ ಇಷ್ಟಿದೆ, ನಮ್ಮಲ್ಲೂ ಇರಲಿ’ ಎಂಬ ವಾದ ಮುಂದೆ ಇಟ್ಟರೆ ಇಂಥ ಉತ್ತರ ಬರುವ ಸಾಧ್ಯತೆ ಇದೆ. ಯಾರ ಮನೆಯಲ್ಲಿ ಇದು ದಿನನಿತ್ಯದ ನೀರು ಎಂಬುದನ್ನು ಮೊದಲ ಪುಟಕ್ಕೆ ತನ್ನಿ.

ಹಾಗಾದರೆ ಕೋರಿಕೆಯನ್ನು ಹೇಗೆ ಬರೆಯಬೇಕು?

‘ಎಲ್ಲಾ ಪ್ಲಾಸ್ಟಿಕ್ ಪೊಟ್ಟಣ ನಿಷೇಧಿಸಿ’ ಎಂದು ಬರೆದರೆ ಕೆಲಸ ಕೆಟ್ಟಿತು. ಹಾಲು ಹೇಗೆ ಮಾರುವುದು ಎಂಬ ಒಂದೇ ಪ್ರಶ್ನೆಗೆ ಅರ್ಜಿ ಉದುರುತ್ತದೆ.

ಬದಲಿಗೆ ಹೀಗೆ ಬರೆದು ನೋಡಿ: ‘ಅರ್ಜಿದಾರರು ಈ ದಿನಾಂಕದಂದು ಕೊಟ್ಟ ಮನವಿಯನ್ನು ಪ್ರಾಧಿಕಾರವು ಪ್ಯಾಕೇಜಿಂಗ್ ಕುರಿತ ವೈಜ್ಞಾನಿಕ ಸಮಿತಿಯ ಮುಂದೆ ಇಟ್ಟು, ಕಾರಣ ಸಹಿತ ತೀರ್ಮಾನವನ್ನು ನಾಲ್ಕು ತಿಂಗಳಲ್ಲಿ ಪ್ರಕಟಿಸುವಂತೆ ನಿರ್ದೇಶಿಸಬೇಕು.’ ಎರಡನೇ ಕೋರಿಕೆ: ‘ಬಿಸಿ ಆಹಾರ ಕಟ್ಟಿ ಕೊಡುವ ಕವರುಗಳ ಮಾದರಿಯನ್ನು ಪ್ರತಿ ಜಿಲ್ಲೆಯಲ್ಲಿ ತೆಗೆದು, ವರದಿಯನ್ನು ಈ ನ್ಯಾಯಾಲಯಕ್ಕೆ ಸಲ್ಲಿಸಬೇಕು.’ ಇವೆರಡನ್ನೂ ಕೊಡಲು ಯಾವ ಪೀಠಕ್ಕೂ ಕಷ್ಟವಿಲ್ಲ.

ನಿಯಮಗಳೇ ಒಂದಕ್ಕೊಂದು ಹೊಂದದಿದ್ದರೆ ಅದನ್ನು ಎತ್ತಿ ತೋರಿಸಿ. ಉದಾಹರಣೆಗೆ, ಪೊಟ್ಟಣದಿಂದ ಆಹಾರಕ್ಕೆ ಆಂಟಿಮನಿ ಕಿಲೋಗೆ 0.04 ಮಿಲಿಗ್ರಾಂ ಇಳಿಯಬಹುದು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಲೀಟರಿಗೆ 0.02. ಪೊಟ್ಟಣದಲ್ಲಿರುವುದೇ ನೀರಾದರೆ ಯಾವುದು ಅನ್ವಯ? ಇಂಥ ಪ್ರಶ್ನೆಗೆ ಪ್ರಾಧಿಕಾರ ಕಾರಣ ಬರೆದೇ ಉತ್ತರಿಸಬೇಕು.

ಎಫ್‌ಎಸ್‌ಎಸ್‌ಎಐ ಒಂದು ಸಲಹಾ ಸುತ್ತೋಲೆ ಹೊರಡಿಸಿದೆ. ಅಷ್ಟು ಸಾಕಲ್ವಾ?

ಸಾಲದು. ಸಲಹೆಗೆ ಕಾನೂನಿನ ಬಲ ಇಲ್ಲ ಎಂದು 2015ರ ವೈಟಲ್ ನ್ಯೂಟ್ರಾಸ್ಯೂಟಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ. ನಿಯಮ ಎಂದರೆ ಕರಡು ಪ್ರಕಟವಾಗಬೇಕು, ಆಕ್ಷೇಪಣೆ ಕೇಳಬೇಕು, ಕೇಂದ್ರದ ಒಪ್ಪಿಗೆ ಬೇಕು, ಸಂಸತ್ತಿನ ಮುಂದೆ ಇಡಬೇಕು. ಸುತ್ತೋಲೆಯನ್ನು ನಂಬಿ ಅರ್ಜಿ ಕಟ್ಟಬೇಡಿ.

ಮರುಬಳಕೆಯ ಪ್ಲಾಸ್ಟಿಕ್‌ನಲ್ಲಿ ಆಹಾರ ತುಂಬಬಹುದಾ?

ಇಲ್ಲಿ ಎರಡು ಇಲಾಖೆ ಎರಡು ದಿಕ್ಕಿಗೆ ಎಳೆಯುತ್ತಿದ್ದವು. 2018ರ ನಿಯಮಾವಳಿ ಬೇಡ ಎಂದಿತು. ಪರಿಸರ ಸಚಿವಾಲಯ 2022ರಲ್ಲಿ ಗಟ್ಟಿ ಪ್ಲಾಸ್ಟಿಕ್ ಪೊಟ್ಟಣದಲ್ಲಿ 2025-26ರಿಂದ ಶೇ 30 ಮರುಬಳಕೆಯದ್ದು ಇರಲೇಬೇಕು ಎಂದಿತು. ಆಮೇಲೆ ಎಫ್‌ಎಸ್‌ಎಸ್‌ಎಐ ತಾನು ಗೊತ್ತುಮಾಡುವ ಗುಣಮಟ್ಟಕ್ಕೆ ಹೊಂದುವ ಮರುಬಳಕೆಯ ಪ್ಲಾಸ್ಟಿಕ್‌ಗೆ ದಾರಿ ಬಿಟ್ಟಿತು. ಅಂದರೆ ಬೀದಿಯ ಕಪ್ಪು ಕವರಿಗೆ ಅನುಮತಿ ಸಿಕ್ಕಿತು ಅಂತಲ್ಲ. ಹಳೇ ಬಾಟಲಿಯಲ್ಲಿ ಮೊದಲು ಏನಿತ್ತು, ಫಿನಾಯಿಲಾ ಎಣ್ಣೆಯಾ, ಅದು ಪೂರ್ತಿ ತೊಳೆದುಹೋಗಿದೆಯಾ ಎಂಬುದಕ್ಕೆ ಪುರಾವೆ ಬೇಕು. ಮುಂದಿನ ವರ್ಷಗಳ ಪಿಐಎಲ್‌ಗಳು ಇಲ್ಲಿಂದಲೇ ಹುಟ್ಟುತ್ತವೆ ಎಂದು ನನ್ನ ಅಂದಾಜು.

ಬಿಪಿಎ, ಪಿಎಫ್‌ಎಎಸ್ ಅಂತ ಕೇಳುತ್ತಿದ್ದೇವೆ. ಅವಕ್ಕೆ?

ಎರಡೂ ರಾಸಾಯನಿಕಗಳು. ಬಿಪಿಎ ಇರುವುದು ಪಾಲಿಕಾರ್ಬನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಮತ್ತು ತಗಡಿನ ಡಬ್ಬಿಯ ಒಳಲೇಪದಲ್ಲಿ. ಜಿಡ್ಡು ಹೀರದ ಕಾಗದಕ್ಕೆ ಬಳಿಯುವುದು ಪಿಎಫ್‌ಎಎಸ್. ಐರೋಪ್ಯ ಒಕ್ಕೂಟ 2024ರ ಕೊನೆಯಲ್ಲಿ ಆಹಾರಕ್ಕೆ ತಾಗುವ ಸಾಮಗ್ರಿಯಲ್ಲಿ ಬಿಪಿಎ ನಿಷೇಧಿಸಿತು. ನಮ್ಮಲ್ಲೂ 2025ರ ಅಕ್ಟೋಬರ್‌ನಲ್ಲಿ ಎರಡರ ಬಗ್ಗೆಯೂ ಎಫ್‌ಎಸ್‌ಎಸ್‌ಎಐ ಕರಡು ತಿದ್ದುಪಡಿ ಹೊರಡಿಸಿ ಆಕ್ಷೇಪಣೆ ಕೇಳಿತು. ಇಂಥ ಕರಡು ಬಂದಾಗ ಎರಡು ಪುಟದ ಅಭಿಪ್ರಾಯ ಕಳಿಸುವುದು ಪಿಐಎಲ್‌ಗಿಂತ ಎಷ್ಟೋ ಅಗ್ಗ. ನಾಳೆ ಕೋರ್ಟಿಗೆ ಹೋಗಬೇಕಾಗಿ ಬಂದರೂ ‘ಆಗಲೇ ಹೇಳಿದ್ದೆ’ ಎನ್ನಲು ಅದೇ ದಾಖಲೆ.

ಪಿಐಎಲ್ ಇಲ್ಲದೆ ಏನೂ ಆಗುವುದೇ ಇಲ್ವಾ?

ಆಗುತ್ತದೆ. 2025ರ ಫೆಬ್ರವರಿಯಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ ಹೋಟೆಲುಗಳ ಇಡ್ಲಿ ಪಾತ್ರೆಯೊಳಗೆ ಇಣುಕಿ ನೋಡಿತು. ಬಟ್ಟೆ ಹಾಸುವ ಕಡೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರು. ಅದರ ಮೇಲೆ ಹಿಟ್ಟು, ಕೆಳಗಿನಿಂದ ಹಬೆ. ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಬಳಸುವಂತಿಲ್ಲ ಎಂದು ಆರೋಗ್ಯ ಸಚಿವರು ಘೋಷಿಸಿದರು. ಯಾವ ಪಿಐಎಲ್‌ಗೂ ಕಾಯಬೇಕಾಗಲಿಲ್ಲ.

ಆದೇಶ ಬಂದ ಮೇಲೂ ಪಾಲಿಸದಿದ್ದರೆ?

ನ್ಯಾಯಾಂಗ ನಿಂದನೆ ಅರ್ಜಿ ಹಾಕಬಹುದು. 1971ರ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಅದಕ್ಕೆ ಒಂದು ವರ್ಷದ ಗಡುವು ಇದೆ. ‘ಇನ್ನೊಂದು ತಿಂಗಳು ನೋಡೋಣ’ ಎನ್ನುತ್ತಲೇ ಆ ವರ್ಷ ಕಳೆದುಹೋಗುತ್ತದೆ. ಹಾಗಾಗದಿರಲು, ಪಿಐಎಲ್‌ನಲ್ಲೇ ಪಾಲನಾ ವರದಿಯನ್ನು ಇಂತಿಷ್ಟು ತಿಂಗಳಿಗೊಮ್ಮೆ ಪ್ರಮಾಣಪತ್ರದ ಮೂಲಕ ಸಲ್ಲಿಸಬೇಕು ಎಂದು ಕೇಳಿಕೊಳ್ಳಿ. ಆದೇಶದ ದೃಢೀಕೃತ ಪ್ರತಿ ಸಿಕ್ಕ ವಾರದಲ್ಲೇ ಅದನ್ನು ಎಲ್ಲಾ ಪ್ರತಿವಾದಿಗಳಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ಸ್ವೀಕೃತಿ ಚೀಟಿಯನ್ನು ಫೈಲಿಗೆ ಸೇರಿಸಿ. ‘ಆದೇಶ ನಮ್ಮ ಕೈ ಸೇರಿಲ್ಲ’ ಎಂಬುದು ಕಚೇರಿಗಳ ಮೊದಲ ಉತ್ತರ.